ಮೂರು ಹೆಸರಿನ ಹಣ, ಒಂದು ಹೆಸರಿನ ಮನೆ

ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದ ಅಧಿಕಾರಿ ನನ್ನ ಮುಂದೆ ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟರು. ಒಂದರಲ್ಲಿ ಹಿಂದಿನ ವರ್ಷ ಹೈದರಾಬಾದಿನಿಂದ ದುಬೈಗೆ ಹಣ ಕಳಿಸಿದ ಮೂವರ ಹೆಸರುಗಳಿದ್ದವು. ಇನ್ನೊಂದು, ಆ ಹಣದಿಂದ ಕೊಳ್ಳುತ್ತಿದ್ದ ಫ್ಲ್ಯಾಟಿನ ಒಪ್ಪಂದ. ಅದರಲ್ಲಿ ಇದ್ದದ್ದು ಒಂದೇ ಹೆಸರು. “ಪೇರು ಒಕಟೇ ಉಂದಿ ಕದಾ ಮೇಡಂ,” ಎಂದು ಆಕೆ ತೆಲುಗಿನಲ್ಲಿ ಮೆಲ್ಲಗೆ ಕೇಳಿದರು. ಹೆಸರು ಒಂದೇ ಇದೆಯಲ್ಲ, ಮಿಕ್ಕ ಇಬ್ಬರು ಎಲ್ಲಿ ಎಂಬುದು ಪ್ರಶ್ನೆ. ಮೂರು ಹೆಸರಿನಲ್ಲಿ ಹಣ ಕಳಿಸುವ ಯೋಚನೆ ನನ್ನದೇ ಆಗಿತ್ತು.

ಹೈದರಾಬಾದಿನ ಕುಷಾಯಿಗೂಡದಲ್ಲಿ ಟೈಲ್ಸ್ ಮತ್ತು ನಲ್ಲಿ ಸಾಮಾನಿನ ಅಂಗಡಿ ಇಟ್ಟಿರುವ, ಬಾಗಲಕೋಟೆ ಕಡೆಯ ಕುಟುಂಬ ಅದು. ಮಲ್ಕಾಜ್‌ಗಿರಿಯ ನನ್ನ ಆಡಿಟ್ ಆಫೀಸಿಗೆ ಅವರ ಫೈಲು ಬಂದು ಹದಿನಾಲ್ಕು ವರ್ಷವಾಗಿತ್ತು. ಅಂಗಡಿ ನಡೆಸುವ ಅಣ್ಣನನ್ನು ಮನೆಯಲ್ಲೂ ಪೇಟೆಯಲ್ಲೂ ದೊಡ್ಡವರು ಎಂದೇ ಕರೆಯುತ್ತಾರೆ. ನಾನೂ ಹಾಗೇ ಕರೆಯುತ್ತೇನೆ. ಅವರ ತಮ್ಮ ಅಲ್ಲೇ ಹತ್ತಿರದ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದವರು, ಎರಡು ವರ್ಷದ ಹಿಂದೆ ಎದೆನೋವು ಬಂದು ತೀರಿಕೊಂಡರು. ಪ್ರಾವಿಡೆಂಟ್ ಫಂಡು, ಗ್ರಾಚ್ಯುಟಿ, ವಿಮೆ ಎಲ್ಲ ಸೇರಿ ಮೂವತ್ತು ಲಕ್ಷ ರೂಪಾಯಿ ಅವರ ಹೆಂಡತಿಯ ಖಾತೆಗೆ ಬಂತು. ಆಕೆಗೆ ಇಂಟರ್, ಅಂದರೆ ನಮ್ಮ ಪಿಯುಸಿ, ಓದುತ್ತಿರುವ ಒಬ್ಬಳೇ ಮಗಳು. ಆ ಮೂವತ್ತು ಲಕ್ಷ ಬಿಟ್ಟರೆ ಆಕೆಯದು ಎನ್ನಲು ಬೇರೇನೂ ಇರಲಿಲ್ಲ.

ದೊಡ್ಡವರಿಗೆ ದುಬೈ ಹುಚ್ಚು ಹತ್ತಿದ್ದು ಒಂದು ಹೋಟೆಲಿನಲ್ಲಿ ನಡೆದ ಫ್ಲ್ಯಾಟುಗಳ ಪ್ರದರ್ಶನದಲ್ಲಿ. ಅರ್ಧ ಹಣ ಈಗ ಕಂತಿನಲ್ಲಿ, ಇನ್ನರ್ಧ ಕೀಲಿ ಕೈ ಕೊಡುವಾಗ. ಬಾಡಿಗೆ ದಿರ್ಹಮಿನಲ್ಲಿ ಬರುತ್ತದೆ. ಒಂದೂವರೆ ಕೋಟಿಯ ಆ ಪುಟ್ಟ ಫ್ಲ್ಯಾಟಿಗೆ ಅಂಗಡಿಯ ಉಳಿತಾಯ ಸಾಲದಾದಾಗ ತಮ್ಮನ ಹೆಂಡತಿಯ ಹಣವೂ ಸೇರಿತು. ಯಾರೂ ಕೇಳಿಕೊಳ್ಳಲಿಲ್ಲ, ಯಾರೂ ಕೊಡುತ್ತೇನೆ ಎನ್ನಲಿಲ್ಲ. ಮನೆಯ ಹಣ, ಮನೆಯ ಕೆಲಸಕ್ಕೆ ಹೋಯಿತು, ಅಷ್ಟೇ.

ಆಗ ನಾನು ಜಾಣತನ ತೋರಿಸಿದೆ. ಒಬ್ಬ ವ್ಯಕ್ತಿ ಒಂದು ಆರ್ಥಿಕ ವರ್ಷದಲ್ಲಿ ಹತ್ತು ಲಕ್ಷಕ್ಕಿಂತ ಹೆಚ್ಚು ಹಣವನ್ನು ಇಂಥ ಹೂಡಿಕೆಗೆ ಹೊರದೇಶಕ್ಕೆ ಕಳಿಸಿದರೆ, ಹೆಚ್ಚಿನದಕ್ಕೆ ನೂರಕ್ಕೆ ಇಪ್ಪತ್ತರಂತೆ ಬ್ಯಾಂಕು ಮುಂಗಡ ತೆರಿಗೆ ಹಿಡಿಯುತ್ತದೆ. ಆಮೇಲೆ ವಾಪಸ್ ಕೇಳಬಹುದು, ಆದರೆ ತಿಂಗಳುಗಟ್ಟಲೆ ಸಿಕ್ಕಿಕೊಂಡಿರುತ್ತದೆ. ಹತ್ತು ಲಕ್ಷದ ವಿನಾಯಿತಿ ತಲೆಗೊಂದು. “ಒಂದ ಹೆಸರಿನಿಂದ ಯಾಕ ಕಳಸ್ತೀರಿ, ನೀವು, ನಿಮ್ಮ ಮನಿಯವರು, ತಮ್ಮನ ಮನಿಯವರು, ಮೂರು ಮಂದಿ ಕಳಸ್ರಿ,” ಎಂದೆ. ದೊಡ್ಡವರು ಮೆಚ್ಚಿ ತಲೆಯಾಡಿಸಿದರು. ಆಕೆಯ ಮೂವತ್ತು ಲಕ್ಷ ಆಕೆಯ ಹೆಸರಿನಿಂದಲೇ ಹೋಯಿತು, ಹತ್ತು ಮೀರಿದ್ದರ ತೆರಿಗೆಯನ್ನು ದೊಡ್ಡವರು ಅಂಗಡಿಯಿಂದ ಕಟ್ಟಿದರು. ಅರ್ಜಿಗಳನ್ನು ನನ್ನ ಆಫೀಸಿನಲ್ಲೇ ತುಂಬಿಸಿದೆ. ಹಣದ ಮೂಲ ಏನು ಎಂಬ ಪತ್ರ ನಾನೇ ಬರೆದೆ. ಎಲ್ಲ ನೋಡಿದೆ, ಒಪ್ಪಂದ ತರಿಸಿ ನೋಡಲಿಲ್ಲ.

ಯಾಕೆ ನೋಡಲಿಲ್ಲ ಎಂದು ಆಮೇಲೆ ನೂರು ಸಲ ನನ್ನನ್ನು ನಾನೇ ಬೈದುಕೊಂಡಿದ್ದೇನೆ. ಆ ಮನೆಯಲ್ಲಿ ಗ್ಯಾಸು, ಕರೆಂಟು, ಅಂಗಡಿ, ಮನೆ ಎಲ್ಲವೂ ದೊಡ್ಡವರ ಹೆಸರಲ್ಲಿ. ತಮ್ಮ ತನ್ನ ಸಂಬಳದಲ್ಲಿ ಕೊಂಡ ಮೋಟಾರ್ ಸೈಕಲ್ಲೂ ಅಣ್ಣನ ಹೆಸರಲ್ಲೇ ಇತ್ತು. ನಾನು ಹುಟ್ಟಿ ಬೆಳೆದದ್ದೂ ವಿಜಯಪುರದ ಕಡೆಯ ಅಂಥದ್ದೇ ಮನೆಯಲ್ಲಿ. ಹಿರಿಯರ ಹೆಸರಿನಲ್ಲಿ ಇದೆ ಎಂದರೆ ಎಲ್ಲರದೂ ಇದೆ ಎಂದೇ ನಮ್ಮ ಲೆಕ್ಕ. ದುಬೈಯ ಒಪ್ಪಂದಕ್ಕೆ ದೊಡ್ಡವರೊಬ್ಬರೇ ಸಹಿ ಹಾಕಿದ್ದು ಅವರಿಗೂ ತಪ್ಪೆನಿಸಲಿಲ್ಲ, ಕೇಳಿದ್ದರೆ ನನಗೂ ಅನಿಸುತ್ತಿರಲಿಲ್ಲವೇನೋ.

ಬ್ಯಾಂಕಿನ ಅಧಿಕಾರಿ ನಿಯಮ ತೋರಿಸಿದರು. ಮನೆಯವರೆಲ್ಲ ಸೇರಿ ಹೊರದೇಶದ ಆಸ್ತಿಗೆ ಹಣ ಕಳಿಸಬಹುದು, ಆದರೆ ಕಳಿಸಿದವರೆಲ್ಲ ಆ ಆಸ್ತಿಯ ಪಾಲುದಾರರಾಗಿರಬೇಕು. ಹಿಂದಿನ ಕಂತುಗಳು ಹೇಗೋ ಕಣ್ತಪ್ಪಿ ಹೋಗಿದ್ದವು. ಈಗ ಕೊನೆಯ ದೊಡ್ಡ ಕಂತಿಗೆ ಒಪ್ಪಂದ ಕೇಳಿದಾಗ ಸಿಕ್ಕಿಬಿತ್ತು. ಹಳೆಯದು ಸರಿಯಾಗುವ ತನಕ ಒಂದು ಡಾಲರೂ ಕಳಿಸುವುದಿಲ್ಲ ಎಂದರು. ಕಂತಿನ ಗಡುವಿಗೆ ಇಪ್ಪತ್ತಾರು ದಿನ ಉಳಿದಿತ್ತು. ಗಡುವು ತಪ್ಪಿದರೆ ಬಿಲ್ಡರು ಫ್ಲ್ಯಾಟಿನ ಬೆಲೆಯ ನೂರಕ್ಕೆ ನಲವತ್ತು ಹಿಡಿದುಕೊಳ್ಳಬಹುದು. ಅಂದರೆ ಇವರು ಈವರೆಗೆ ಕಟ್ಟಿದ ಎಪ್ಪತ್ತೈದು ಲಕ್ಷದಲ್ಲಿ ಅರವತ್ತು ಹೋಗುತ್ತದೆ. ಅದರೊಳಗೆ ಆಕೆಯ ಮೂವತ್ತೂ ಇತ್ತು.

ಅವತ್ತು ಮಧ್ಯಾಹ್ನವೇ ಅಂಗಡಿಗೆ ಹೋಗಿ ದೊಡ್ಡವರಿಗೆ ವಿಷಯ ಹೇಳಿದೆ. ಅವರು ಗಿರಾಕಿಗೆ ಟೈಲ್ಸ್ ತೋರಿಸುವುದನ್ನು ಬಿಟ್ಟು ಬಂದು ಕೂತರು.

“ಬ್ಯಾರೆ ಬ್ಯಾಂಕಿನಿಂದ ಕಳಸೂಣೇನ್ರಿ?”

“ಪ್ಯಾನ್ ಕಾರ್ಡ್ ಒಂದ ಐತಲ್ರಿ. ಹಿಂದ ಎಷ್ಟು ಕಳಿಸೀರಿ ಅಂತ ಎಲ್ಲಾರಿಗೂ ಕಾಣಸ್ತೈತಿ.”

“ಬೇಗಂ ಬಜಾರದಾಗ ಒಬ್ಬಾಂವ ಅದಾನ. ಇಲ್ಲಿ ರೊಕ್ಕ ಕೊಟ್ರ ಅಲ್ಲಿ ದಿರ್ಹಮ್ ಮುಟ್ಟಸ್ತಾನಂತ.”

“ಅದಕ್ಕ ಹವಾಲಾ ಅಂತಾರ. ಆ ಮಾತು ಮತ್ತೊಮ್ಮೆ ಆಡಿದ್ರ ನಿಮ್ಮ ಫೈಲ್ ಇವತ್ತ ವಾಪಸ್ ಕೊಡ್ತೀನಿ,” ಎಂದೆ.

ಸರಿಯಾದ ದಾರಿ ಒಂದಿತ್ತು. ಅಲ್ಲೇ ಕೂತು ದುಬೈಯ ಏಜೆಂಟನಿಗೆ ಫೋನ್ ಮಾಡಿದೆ. ನೋಂದಣಿಗೆ ಮುಂಚೆ ಒಪ್ಪಂದಕ್ಕೆ ಇನ್ನಿಬ್ಬರ ಹೆಸರು ಸೇರಿಸಬಹುದು, ಅದಕ್ಕೊಂದು ಶುಲ್ಕ, ಮೊದಲಿನ ಕೊಳ್ಳುಗನ ಒಪ್ಪಿಗೆ ಪತ್ರ, ಸೇರುವವರ ಪಾಸ್‌ಪೋರ್ಟ್ ಬೇಕು ಎಂದ. ಗಡುವು ಮುಂದೆ ಹಾಕ್ತೀರಾ ಎಂದರೆ, “ಡೇಟ್ ಆಗೇ ನಹೀಂ ಬಢೇಗೀ ಮೇಡಂ,” ಎಂದು ಹಾಡಿನಂತೆ ಒಂದೇ ರಾಗ, ತಾರೀಖು ಮುಂದೆ ಹೋಗುವುದಿಲ್ಲವಂತೆ. ದೊಡ್ಡವರ ಹೆಂಡತಿಗೆ ಪಾಸ್‌ಪೋರ್ಟ್ ಇತ್ತು. ತಮ್ಮನ ಹೆಂಡತಿಗೆ ಇರಲಿಲ್ಲ. ಹಣ ಕಳಿಸಲು ಪ್ಯಾನ್ ಕಾರ್ಡು ಸಾಕಾಗಿತ್ತು, ಮಾಲೀಕಳಾಗಲು ಪಾಸ್‌ಪೋರ್ಟ್ ಬೇಕಿತ್ತು.

ಪಾಸ್‌ಪೋರ್ಟಿನ ಮಾತು ತೆಗೆಯುವ ಮುಂಚೆಯೇ ದೊಡ್ಡವರ ಮುಖ ಗಂಟಾಯಿತು. “ಸಣ್ಣಾಕಿ ಹೆಸರು ಹಾಕಬೇಕಂತೀರಿ?”

“ಹೂಂ. ರೊಕ್ಕ ಆಕಿದು ಹೋಗೇತಲ್ರಿ.”

“ಅಕ್ಕಾರ, ನಾ ಏನು ಆಕಿ ರೊಕ್ಕ ತಿನ್ನಾಂವೇನ್ರಿ? ತಮ್ಮ ಸತ್ತ ದಿನದಿಂದ ಆಕಿಗೆ ಒಂದು ಮಾತು ಅಂದೀವೇನು ಕೇಳ್ರಿ. ಆಕಿ ಮಗಳನ್ನ ಓದಸಾಂವ ನಾನ, ನಾಳೆ ಲಗ್ನ ಮಾಡಾಂವ ನಾನ. ಇವತ್ತು ಕಾಗದದಾಗ ಹೆಸರು ಬಂದ್ರ ನಾಳೆ ಆಕಿ ತವರಮನಿಯವರು ಬಂದು ಪಾಲು ಅಂತ ಕೂಡ್ತಾರ. ನಮ್ಮ ಮನ್ಯಾಗ ಈತನಕ ಪಾಲು ಅನ್ನೂ ಶಬ್ದ ಬಂದಿಲ್ಲ.”

ಇದು ನಾಟಕವಲ್ಲ. ಮನುಷ್ಯ ಸುಳ್ಳು ಹೇಳುತ್ತಿರಲಿಲ್ಲ. ಆ ಹುಡುಗಿಯ ಕಾಲೇಜಿನ ಫೀಸನ್ನು ಅವರೇ ಸಾಲಿನಲ್ಲಿ ನಿಂತು ಕಟ್ಟಿ ಬರುತ್ತಿದ್ದುದು ನನಗೆ ಗೊತ್ತಿತ್ತು. ಅದಕ್ಕೇ ಅವರೊಂದಿಗೆ ಜಗಳವಾಡದೆ ಎದ್ದು ಬಂದೆ.

ಮೂರು ದಿನ ಬಿಟ್ಟು ಅವರೇ ಇನ್ನೊಂದು ದಾರಿ ಹುಡುಕಿಕೊಂಡು ಬಂದರು. ಯಾರೋ ಹೇಳಿದ್ದರಂತೆ: ಆ ಮೂವತ್ತು ಲಕ್ಷವನ್ನು ಭಾವನಿಗೆ ಉಡುಗೊರೆಯಾಗಿ ಕೊಟ್ಟಿದ್ದೇನೆ, ಅದರ ಮೇಲೆ ನನಗೆ ಹಕ್ಕಿಲ್ಲ ಎಂದು ಆಕೆಯಿಂದ ಬರೆಸಿಕೊಂಡರೆ ಆಯಿತು. ದೊಡ್ಡವರ ಹೆಂಡತಿಯದು ಹತ್ತೇ ಲಕ್ಷ, ಅವರೂ ಹಾಗೇ ಬರೆದುಕೊಡುತ್ತಾರೆ. ನಾನು ಬ್ಯಾಂಕಿಗೆ ಹೋಗಿ ವಿಚಾರಿಸಿದೆ. ಅಧಿಕಾರಿ ತಡವರಿಸಿದರು. ಅಂಥ ಪತ್ರ ತಂದರೆ ಮೇಲಿನ ಕಚೇರಿಗೆ ಕಳಿಸಿ ನೋಡಬಹುದು, ಒಪ್ಪುತ್ತಾರೆಂದು ಮಾತು ಕೊಡಲಾರೆ ಎಂದರು. ಮುಳುಗುತ್ತಿದ್ದ ನನಗೆ ಅಷ್ಟೇ ಸಾಕಾಯಿತು. ಈ ವಿಷಯ ಬೆಳೆದರೆ ಮೊದಲು ಸಲಹೆ ಕೊಟ್ಟವಳ ಹೆಸರು ಹೊರಗೆ ಬರುತ್ತದೆ ಎಂಬ ಹೆದರಿಕೆ ನನ್ನ ಬೆನ್ನು ಹತ್ತಿತ್ತು. ಖರೆ ಹೇಳಬೇಕೆಂದರೆ ಆ ವಾರ ನಾನು ತಮ್ಮನ ಹೆಂಡತಿಯ ಬಗ್ಗೆ ಅಷ್ಟೊಂದು ಯೋಚಿಸಲೇ ಇಲ್ಲ, ನನ್ನ ಬಗ್ಗೆ ಯೋಚಿಸಿದೆ.

ಪತ್ರವನ್ನು ಇಂಗ್ಲಿಷಿನಲ್ಲಿ ನಾನೇ ಬರೆದೆ. ಒಂದೂವರೆ ಪುಟ. ಕೊನೆಗೆ, ಇಂಗ್ಲಿಷ್ ಬಾರದವರು ಸಹಿ ಮಾಡುವ ಎಲ್ಲ ಪತ್ರಗಳಲ್ಲೂ ಇರುವ ಸಾಲು: ಇದರ ಒಕ್ಕಣೆಯನ್ನು ಸಹಿ ಮಾಡಿದವರಿಗೆ ಗೊತ್ತಿರುವ ಭಾಷೆಯಲ್ಲಿ ಓದಿ ಹೇಳಿ ತಿಳಿಸಲಾಗಿದೆ. ಅದರ ಕೆಳಗೆ ಓದಿ ಹೇಳಿದವರ ಸಹಿ. ಈ ಸಾಲಿನ ಕೆಳಗೆ ಎಷ್ಟು ಸಲ ಸಹಿ ಹಾಕಿದ್ದೇನೋ ಲೆಕ್ಕವಿಲ್ಲ. ಓದಿ ಹೇಳಿದ್ದು ಮಾತ್ರ ಒಮ್ಮೆಯೂ ಇಲ್ಲ. ಯಾರೂ ಹೇಳುವುದಿಲ್ಲ. ಗುರುತಿಗೆ ಗುಣಾಕಾರ ಚಿಹ್ನೆ ಹಾಕಿದ ಕಡೆ ಬೆರಳು ತೋರಿಸುತ್ತೇವೆ, ಅವರು ಸಹಿ ಹಾಕುತ್ತಾರೆ, ಚಹಾ ಕುಡಿದು ಹೋಗುತ್ತಾರೆ.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ದೊಡ್ಡವರು ಆಕೆಯನ್ನು ಕರೆದುಕೊಂಡು ಬಂದರು. ಆಕೆ ಕುರ್ಚಿಯ ತುದಿಯಲ್ಲಿ ಕೂತರು. ನಾನು ಹಾಳೆ ತಿರುಗಿಸಿ ಕೊಟ್ಟು ಗುರುತಿನ ಮೇಲೆ ಬೆರಳಿಟ್ಟೆ. ಆಕೆ ಪೆನ್ನು ತೆಗೆದುಕೊಂಡು, ತಲೆ ಎತ್ತದೆ ಕೇಳಿದರು: “ಇದು ಮಾಡಿದ್ರ ರೊಕ್ಕ ಉಳೀತೈತ್ರಿ ಅಕ್ಕಾರ?”

“ಫ್ಲ್ಯಾಟ್ ಉಳೀತೈತಿ,” ಎಂದೆ.

ಹೇಳಿದ ಮೇಲೆ ನನಗೇ ಕೇಳಿಸಿತು. ಆಕೆ ಕೇಳಿದ್ದು ಒಂದು, ನಾನು ಉತ್ತರಿಸಿದ್ದು ಇನ್ನೊಂದು. ಆಕೆ ನನ್ನ ಮೇಲೆ ಭರವಸೆ ಇಟ್ಟು ಪೆನ್ನನ್ನು ಹಾಳೆಗೆ ತಾಗಿಸಿದ್ದರು. ಕೆಳಗೆ ನಾನು ಸಹಿ ಹಾಕಬೇಕಾದ ಜಾಗ ಖಾಲಿ ಇತ್ತು. ನಾನು ಹಾಳೆಯನ್ನು ನನ್ನ ಕಡೆಗೆ ಎಳೆದುಕೊಂಡೆ.

“ಸ್ವಲ್ಪ ತಡೀರಿ ತಂಗಿ. ಓದಿ ಹೇಳಬೇಕು.”

“ಅದನ್ನೇನು ಓದೂದ್ರಿ,” ಎಂದರು ದೊಡ್ಡವರು. “ಸಹಿ ಮಾಡಸ್ರಿ, ನಂದು ಲೋಡ್ ಬರೂದೈತಿ.”

“ಓದಿ ಹೇಳೀನಿ ಅಂತ ನಾ ಸಹಿ ಮಾಡಬೇಕ್ರಿ. ಓದಲಾರದ ಹೆಂಗ ಮಾಡ್ಲಿ?”

ಓದಿದೆ. ನಮ್ಮ ಕಡೆಯ ಮಾತಿನಲ್ಲೇ, ಒಂದೊಂದು ಸಾಲು. ನನ್ನ ಗಂಡ ಸತ್ತ ಮೇಲೆ ಬಂದ ಮೂವತ್ತು ಲಕ್ಷ ನಾ ನನ್ನ ಭಾವಗ ಪ್ರೀತಿಲೆ ಕೊಟ್ಟೀನಿ. ವಾಪಸ್ ಕೇಳೂದಿಲ್ಲ. ಆ ರೊಕ್ಕದಾಗ ತೊಗೊಂಡ ಮನಿಯೊಳಗ ನನಗಾಗಲಿ ನನ್ನ ಮಗಳಿಗಾಗಲಿ ಇವತ್ತೂ ಮುಂದೂ ಹಕ್ಕಿಲ್ಲ. ಇದನ್ನ ಯಾರ ಒತ್ತಾಯ ಇಲ್ಲದ ಬರಕೊಟ್ಟೀನಿ. ಓದುವಾಗ ನಾನು ದೊಡ್ಡವರ ಮುಖ ನೋಡಲಿಲ್ಲ.

“ಮಗಳದ್ದು ಇನ್ನೊಮ್ಮೆ ಓದ್ರಿ,” ಎಂದರು ಆಕೆ.

ಓದಿದೆ.

ಆಕೆ ಪೆನ್ನಿನ ಕ್ಯಾಪ್ ಹಾಕಿ ಮೇಜಿನ ಮೇಲಿಟ್ಟರು. “ನಾ ಒಲ್ಲೆರಿ,” ಎಂದರು. ದನಿ ಎತ್ತರಿಸಲಿಲ್ಲ. ಭಾವನ ಕಡೆಗೆ ತಿರುಗಿ, “ನನ್ನ ಹೆಸರು ಹಾಕಸೂದಾದ್ರ ಹಾಕಸ್ರಿ ಭಾವಾರ. ಇದಕ್ಕ ನಾ ಒಲ್ಲೆ,” ಎಂದರು. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದೂ ಆಕೆ ಭಾವನ ಎದುರು ಕೂತು ಮಾತಾಡಿದ್ದು ಅದೇ ಮೊದಲಂತೆ.

ದೊಡ್ಡವರು ನನ್ನನ್ನೇ ನೋಡಿದರು. “ನಮ್ಮ ಮನಿ ಒಡದ್ರಿ ಅಕ್ಕಾರ,” ಎಂದು ಎದ್ದು ಹೋದರು. ಆ ಮಾತು ನನಗೆ ಇನ್ನೂ ಚುಚ್ಚುತ್ತದೆ.

ಆದರೂ ಎರಡು ದಿನಕ್ಕೆ ಅವರೇ ಫೋನ್ ಮಾಡಿ, ಪಾಸ್‌ಪೋರ್ಟ್ ಬರಲಿ, ನೋಡೂಣು ಎಂದರು. ಆ ನೋಡೂಣು ಹಿಡಿದುಕೊಂಡು ನಾನೂ ಆಕೆಯೂ ಓಡಾಡಿದೆವು. ಬೇಗ ಸಿಗುವ ತತ್ಕಾಲ್ ಯೋಜನೆಯಲ್ಲಿ ಅರ್ಜಿ ಹಾಕಿದೆವು. ಕಚೇರಿಯ ಕೌಂಟರಿನಲ್ಲಿ ಹೊಸ ತೊಡಕು. ಜನ್ಮದಿನಾಂಕಕ್ಕೆ ಆಕೆಯ ಬಳಿ ಇದ್ದದ್ದು ಮುಧೋಳದ ಶಾಲೆಯ ಸರ್ಟಿಫಿಕೇಟ್ ಒಂದೇ. ಅದರಲ್ಲಿ ತವರಿನ ಹೆಸರು. ಮದುವೆಯಲ್ಲಿ ಗಂಡನ ಮನೆಯವರು ಹೊಸ ಹೆಸರಿಟ್ಟಿದ್ದರು. ಆಧಾರ್, ಪ್ಯಾನ್ ಎಲ್ಲ ಆ ಹೊಸ ಹೆಸರಲ್ಲಿ. ಇಬ್ಬರೂ ಒಬ್ಬಳೇ ಎಂಬುದಕ್ಕೆ ದಾಖಲೆ ತನ್ನಿ ಎಂದರು. ಅವರು ಕೇಳಿದ್ದು ನ್ಯಾಯವೇ. ಮದುವೆ ನೋಂದಣಿ ಮಾಡಿಸಿರಲಿಲ್ಲ, ಗಂಡ ಇಲ್ಲ. ಪ್ರಮಾಣ ಪತ್ರ ಮಾಡಿಸಿ, ಕಾರ್ಖಾನೆಗೆ ಹೋಗಿ ಗಂಡನ ಸೇವಾ ಪುಸ್ತಕದಲ್ಲಿ ಎರಡೂ ಹೆಸರು ಬರೆದಿದ್ದ ಹಳೆಯ ಪುಟದ ನಕಲು ತರುವಷ್ಟರಲ್ಲಿ ಒಂಬತ್ತು ದಿನ ಹೋಯಿತು. ಕಾರ್ಖಾನೆಯ ಗೇಟಿನಲ್ಲಿ ಕಾಯುತ್ತಿದ್ದಾಗ ಆಕೆ ಅತ್ತರು. ಬೆಳಿಗ್ಗೆ ಎದ್ದ ಕೂಡಲೇ ದಿನ ಎಣಿಸುವುದು ಒಂದು ರೋಗವಾಗಿತ್ತು ನನಗೆ. ಊಟ ಸೇರುತ್ತಿರಲಿಲ್ಲ. ಮನೆಯವರೊಂದಿಗೆ ಸಿಡುಕುತ್ತಿದ್ದೆ.

ಪಾಸ್‌ಪೋರ್ಟ್ ಕೈಗೆ ಬಂದಾಗ ಗಡುವಿಗೆ ಐದು ದಿನ ಇತ್ತು. ಹೆಸರು ಸೇರಿಸುವ ಅರ್ಜಿ, ಒಪ್ಪಿಗೆ ಪತ್ರ ಎಲ್ಲ ಸಿದ್ಧ ಮಾಡಿಕೊಂಡು ಅವರ ಅಂಗಡಿಗೆ ಹೋದೆ. ದೊಡ್ಡವರು ಪಾಸ್‌ಪೋರ್ಟ್ ಬಿಡಿಸಿ ಫೋಟೊ ನೋಡಿದರು, ಮುಚ್ಚಿ ನನ್ನ ಕೈಗೆ ಕೊಟ್ಟರು.

“ಆಗೂದಿಲ್ರಿ.”

“ದೊಡ್ಡವರ, ಅರವತ್ತು ಲಕ್ಷ ಹೋಗ್ತೈತಿ.”

“ಹೋಗ್ಲಿ. ಹೆಸರು ಕೇಳಿದ ಮ್ಯಾಲ ಮನಿ ಎಲ್ಲಿ ಉಳೀತ್ರಿ? ನಾ ಒಬ್ಬಾವ ಹಿರ್ಯಾ ಅಂತ ಇದ್ದೆ. ಈಗ ಅಲ್ಲಿ ಆಕಿ ಸಹಿ ಇಲ್ಲದ ನಾ ಒಂದು ಕದ ತೆಗ್ಯಾಂಗಿಲ್ಲ. ಅಂಥಾ ಮನಿ ನನಗ ಬ್ಯಾಡ.”

ಹಣ ಹೋದರೂ ಸರಿ, ಹೆಸರು ಬೇಡ. ಬೇಡಿಕೊಂಡೆ, ಗದರಿಸಿದೆ, ನನ್ನ ತಪ್ಪು ನಾನೇ ಒಪ್ಪಿಕೊಂಡೆ. ಅವರ ಕಣ್ಣಲ್ಲಿ ನೀರು ಬಂತು, ಮಾತು ಬದಲಾಗಲಿಲ್ಲ. ಅಲ್ಲಿಂದ ಹೊರಬಂದು ಮೆಟ್ಟಿಲ ಮೇಲೆ ಕೂತೇ ಒಪ್ಪಂದವನ್ನು ಮೊದಲ ಪುಟದಿಂದ ಓದಿದೆ. ಮೂವತ್ತೊಂದನೆಯ ಪುಟದಲ್ಲಿ, ಗಡುವಿಗೆ ಮುಂಚೆ ಎರಡೂ ಕಡೆಯವರು ಒಪ್ಪಿ ರದ್ದು ಮಾಡಿದರೆ ಕಟ್ಟಿದ ಹಣದಲ್ಲಿ ಕಾಲು ಭಾಗ ಮಾತ್ರ ಮುರಿದುಕೊಳ್ಳುತ್ತೇವೆ ಎಂದಿತ್ತು. ವಾಪಸ್ ಒಳಗೆ ಹೋದೆ. ಇದಕ್ಕಾದರೂ ಸಹಿ ಮಾಡಿ ಎಂದೆ. ಅವರು ಮಾಡಿದರು.

ರದ್ದತಿಯ ಅರ್ಜಿಯಲ್ಲಿ, ಉಳಿದ ಹಣ ಯಾವ ಖಾತೆಗೆ ಎಂಬ ಕಡೆ ಏಜೆಂಟ್ ದೊಡ್ಡವರ ಖಾತೆಯನ್ನೇ ತುಂಬಿ ಕಳಿಸಿದ್ದ. ಅದನ್ನು ಹೊಡೆದು ಹಾಕಿ ಮೂರು ಖಾತೆ ಬರೆದೆ, ಹಣ ಎಲ್ಲಿಂದ ಹೋಗಿತ್ತೋ ಅಲ್ಲಿಗೇ, ಅದೇ ಪ್ರಮಾಣದಲ್ಲಿ. ಬ್ಯಾಂಕಿನ ಅಧಿಕಾರಿಯೂ ಅದನ್ನೇ ಹೇಳಿದ್ದರು, ಬೇರೆಯವರ ಖಾತೆಗೆ ಬಂದರೆ ಅದು ಮತ್ತೊಂದು ತಪ್ಪಾಗುತ್ತದೆ ಎಂದು. ದೊಡ್ಡವರಿಗೆ ಮುಚ್ಚುಮರೆ ಇಲ್ಲದೆ ತೋರಿಸಿದೆ. “ಕಾಯ್ದೆ ಎಲ್ಲಾ ನಮ್ಮ ಮನಿಗೇ ಬಂತಲ್ರಿ,” ಎಂದಷ್ಟೇ ಅಂದರು. ಮುಂದಿನ ವಾರ ತಮ್ಮ ಫೈಲನ್ನು ತರಿಸಿಕೊಂಡು ಬೇರೆ ಆಡಿಟರಿಗೆ ಕೊಟ್ಟರು.

ಬಿಲ್ಡರು ರದ್ದತಿಗೆ ಒಪ್ಪಿದ ಮೇಲೆ ಹತ್ತು ವಾರ ಕಾದೆವು. ಹಣ ಬಂದ ಸುದ್ದಿ ಬ್ಯಾಂಕಿನಿಂದ ನನಗೂ ಬಂತು. ಆಕೆಯ ಖಾತೆಗೆ ಇಪ್ಪತ್ತೆರಡೂವರೆ ಲಕ್ಷ. ಏಳೂವರೆ ಹೋಗಿತ್ತು. ಆ ಏಳೂವರೆಯನ್ನು ಆಕೆಯ ಗಂಡ ಎಷ್ಟು ಪಾಳಿ ದುಡಿದು ಗಳಿಸಿದ್ದರೋ ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟೆ.

ಮೂರನೆಯ ದಿನ ಆಕೆ ಒಬ್ಬರೇ ಬಸ್ಸು ಹತ್ತಿ ನನ್ನ ಆಫೀಸಿಗೆ ಬಂದರು. ಹಣವನ್ನು ಎಲ್ಲಿ ಇಡಬೇಕು ಎಂದು ಕೇಳಲು ಬಂದಿರಬೇಕು ಎಂದುಕೊಂಡೆ. ಇಟ್ಟೇ ಬಂದಿದ್ದರು. ತಮ್ಮ ಹೆಸರಿನಲ್ಲಿ ಠೇವಣಿ, ಮಗಳು ವಾರಸುದಾರಳು. ಮನೆಯಲ್ಲಿ ಹೇಗೆ ಎಂದು ಕೇಳಿದೆ. ಭಾವ ಮಾತು ಬಿಟ್ಟಿದ್ದಾರೆ, ಊಟ ಒಟ್ಟಿಗೇ ಇದೆ ಎಂದರು.

“ಅಕ್ಕಾರ, ಒಂದು ಹಾಳ್ಯಾಗ ಬರದು ಕೊಡ್ರಿ. ಎಷ್ಟು ಹೋಗಿತ್ತು, ಎಷ್ಟು ಬಂತು, ಎಷ್ಟು ಕಡಿಮಿ ಬಂತು. ಯಾಕ ಕಡಿಮಿ ಆತು ಅಂತನೂ ಬರೀರಿ.”

“ಯಾರಿಗೆ ತೋರಸಾಕ್ರಿ?”

“ನನ್ನ ಮಗಳಿಗೆ. ನಾಳೆ ದೊಡ್ಡಾಕಿ ಆದ ಮ್ಯಾಲ ಕೇಳ್ತಾಳಲ್ರಿ, ಅಪ್ಪನ ರೊಕ್ಕದಾಗ ಏಳೂವರೆ ಲಕ್ಷ ಎಲ್ಲಿ ಹೋತು ಅಂತ. ನಾ ತಿಂದಿಲ್ಲ, ಯಾರಿಗೂ ಕೊಟ್ಟಿಲ್ಲ ಅಂತ ಕಾಗದ ಬೇಕಲ್ರಿ.”

ಕನ್ನಡದಲ್ಲಿ ಬರೆದೆ. ಅಂಕಿಗಳು ಬೇಗ ಮುಗಿದವು. ಕಾರಣದ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ಒಪ್ಪಂದದಲ್ಲಿ ಇವರ ಹೆಸರು ಇದೆಯೋ ಇಲ್ಲವೋ ನೋಡದೆ, ಇವರ ಹೆಸರಿನಿಂದ ಹಣ ಕಳಿಸುವಂತೆ ಆಡಿಟರು ಸಲಹೆ ಕೊಟ್ಟಿದ್ದರಿಂದ ಈ ನಷ್ಟವಾಗಿದೆ ಎಂದು ಬರೆದೆ. ಆಕೆ ಹಾಳೆ ತೆಗೆದುಕೊಂಡು, ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು ಕೊನೆಯವರೆಗೆ ಓದಿದರು. ಆಮೇಲೆ ಹಾಳೆಯನ್ನು ತಿರುಗಿಸಿ ನನ್ನ ಮುಂದಿಟ್ಟರು.

“ಆಡಿಟರು ಅಂತ ಅಷ್ಟ ಬರದೀರಿ. ಹೆಸರು ಬರೀರಿ, ಅಕ್ಕಾರ.”

ಹೆಸರು ಬರೆದು, ಸಹಿ ಮಾಡಿ, ತಾರೀಖು ಹಾಕಿ ಕೊಟ್ಟೆ.